ಗೇಟಿನ ತುಕ್ಕಿಗೆ ಬಣ್ಣವೊಂದೇ ಮದ್ದಲ್ಲ

ಮಂಗಳೂರು, ಉಡುಪಿ ಕಡೆಯ ಮನೆಗಳ ಕಬ್ಬಿಣದ ಗೇಟುಗಳನ್ನು ಗಮನಿಸಿ. ಎಷ್ಟೋ ಕಡೆ ಮೇಲಿನ ಸರಳುಗಳು ಗಟ್ಟಿಯಾಗಿದ್ದು, ಕೆಳಗಿನ ಅಡ್ಡಪಟ್ಟಿ ಮಾತ್ರ ತೂತು ಬಿದ್ದಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಕರಾವಳಿ ಇದು. ವೆಲ್ಡಿಂಗ್ ಸಂದುಗಳಿಂದ ಟೊಳ್ಳು ಪೈಪಿನೊಳಗೆ ಇಳಿದ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಗೇಟು ಒಳಗಿನಿಂದಲೇ ಸವೆಯುತ್ತದೆ. ಹಾಗಾಗಿ ವರ್ಷವರ್ಷವೂ ಹೊರಗೆ ಬಣ್ಣ ಬಳಿಸುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಹಾಳಾದ ತುಂಡನ್ನಷ್ಟೇ ಕತ್ತರಿಸಿ ಹೊಸ ಪೈಪ್ ಕೂರಿಸಿ, ತಳದಲ್ಲಿ ನೀರು ಬಸಿಯಲು ಎರಡು ಸಣ್ಣ ತೂತು ಕೊರೆಸಿ. ಉಳಿದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಉಪ್ಪು ಉಳಿದರೆ ಬಣ್ಣದ ಅಡಿಯಲ್ಲೇ ತುಕ್ಕು ಮತ್ತೆ ಏಳುತ್ತದೆ.

ಸತು ಲೇಪಿಸಿದ ಜಿಐ ಪೈಪ್ ಹಾಕಿಸಿದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಸತುವಿನ ಲೇಪ ಕಬ್ಬಿಣವನ್ನು ಕಾಯುತ್ತದೆ, ನಿಜ. ಆದರೆ ವೆಲ್ಡಿಂಗ್ ಶಾಖಕ್ಕೆ ಆ ಲೇಪ ಸುಟ್ಟುಹೋಗುವುದು ನೀರು ಇಳಿಯುವ ಸಂದಿನಲ್ಲೇ. ಅಲ್ಲಿ ಸತುವಿನ ಪೇಂಟ್ ಹಚ್ಚಲೇಬೇಕು. ಹೊಸ ಗೇಟನ್ನೇ ಹಾಕಿಸೋಣ ಎಂಬ ವಾದವೂ ಇದೆ. ಚೌಕಟ್ಟು ಪೂರ್ತಿ ಹೋಗಿದ್ದರೆ ಸರಿ. ಆದರೆ ಕಂಬದೊಳಗೆ ಹುಗಿದ ಹಿಂಜಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟನ್ನೇ ಸೀಳುತ್ತದೆ. ಆ ಕಂಬವನ್ನು ಸರಿಪಡಿಸದೆ ತೂಗಿದ ಹೊಸ ಗೇಟೂ ಜೋತುಬೀಳುತ್ತದೆ. ಮೊದಲು ಕಂಬ ನೋಡಿ, ಆಮೇಲೆ ಗೇಟು. ಮಳೆಗಾಲಕ್ಕೆ ಕಾಯದೆ, ಏಪ್ರಿಲ್ ಬಿಸಿಲಿನಲ್ಲೇ ಈ ಕೆಲಸ ಮುಗಿಸಿ.