ಟ್ರಕ್ ತುಂಬುವ ಮೊದಲು ಒಂದು ಫೋನ್

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾದ ಬೆಟ್ಟಸೀಮೆಯನ್ನು ಕೊಚ್ಚಿಹಾಕಿದಾಗ, ರಾಲಿಯಲ್ಲಿರುವ ನಾವು ಕೆಲವು ಮನೆಯವರು ಸೇರಿ ಆಶ್‌ವಿಲ್‌ಗೆ ಬಾಡಿಗೆ ಟ್ರಕ್‌ಗಳನ್ನು ಹೊರಡಿಸಿದೆವು. ಲ್ಯಾಬಿನಲ್ಲಿ ಲೆಕ್ಕವಿಲ್ಲದೆ ಒಂದು ಹನಿಯನ್ನೂ ಸುರಿಯದ ನಾನು, ಯಾರನ್ನೂ ಕೇಳದೆ ಅರ್ಧ ಟ್ರಕ್ ಹಳೇ ಬಟ್ಟೆ ತುಂಬಿಸಿದ್ದೆ! ನೀವು ಹಾಗೆ ಮಾಡಬೇಡಿ. ನಲ್ಲಿಯಲ್ಲಿ ಕುಡಿಯುವ ನೀರು ಮತ್ತೆ ಬಂದದ್ದೇ ನವೆಂಬರ್ 18ಕ್ಕೆ. ಬಟ್ಟೆ ವಿಂಗಡಿಸಲು ಅಲ್ಲಿ ಯಾರಿಗೆ ಪುರುಸೊತ್ತು?

ಎರಡನೇ ಸಲ ಅಲ್ಲಿನ ಒಂದು ಚರ್ಚಿಗೆ ಮೊದಲೇ ಫೋನ್ ಮಾಡಿದೆವು. ನೀರು, ಡೈಪರ್, ಕಸದ ಚೀಲ ಅಂದರು. ಎಲ್ಲಿ ಇಳಿಸಬೇಕು, ಎಷ್ಟು ಹೊತ್ತಿಗೆ, ಯಾರ ಕೈಗೆ ಎಂದು ತಿಳಿಯದೆ ಗಾಡಿ ಹೊರಡಿಸಬೇಡಿ. ರಸ್ತೆ ಕುಸಿದ ಕೆಲವು ಕಡೆಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೋಗಬೇಕಾಯಿತು. ದಾರಿಯಲ್ಲಿ ಸ್ಟೇಟ್ಸ್‌ವಿಲ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಬೆಟ್ಟದಲ್ಲಿ ತುಂಬಿಸಿದರೆ ಅಲ್ಲಿಯವರ ಪಾಲನ್ನೇ ಕಿತ್ತುಕೊಂಡಂತೆ.

ಮಕ್ಕಳನ್ನು ಟ್ರಕ್ಕಿನಲ್ಲಿ ಕರೆದೊಯ್ಯಬೇಡಿ. ಅವರಿಗೆ ಮನೆಯಲ್ಲೇ ಕೆಲಸವಿದೆ. ಎಂಟು ವರ್ಷದ ಮಗಳು ಮೊದಲ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘ನೀರು’ ಎಂದು ಬರೆದಳು.

“ಅಲ್ಲಿ ಇದನ್ನ ಯಾರು ಓದ್ತಾರೆ, ಪುಟ್ಟಿ?”

ಸ್ವಲ್ಪ ಯೋಚಿಸಿ ಇಂಗ್ಲಿಷಿನಲ್ಲಿ ಬರೆದಳು. ಸ್ಪ್ಯಾನಿಷ್ ಮಾತಾಡುವ ಗೆಳತಿಯನ್ನು ಕೇಳಿ, ‘ಆಗ್ವಾ’ ಎಂಬುದನ್ನೂ ಸೇರಿಸಿದಳು. ‘ನೀರು’ ಅಳಿಸಲು ಮಾತ್ರ ಒಪ್ಪಲಿಲ್ಲ.