ಅಂಗಾಲು ಓದುವ ಹಳದಿ ಸಾಲು

ನಮ್ಮ ಮೆಟ್ರೊ ಹತ್ತಿದವರೆಲ್ಲ ಆ ಹಳದಿ ಸಾಲನ್ನು ತುಳಿದೇ ಇರುತ್ತಾರೆ. ನಿಲ್ದಾಣದ ಬಾಗಿಲಿನಿಂದ ಹೊರಟು, ಲಿಫ್ಟಿನ ಮುಂದೆ ತುಸು ತಡೆದು, ಪ್ಲಾಟ್‌ಫಾರ್ಮಿನವರೆಗೂ ಸಾಗುವ ಉಬ್ಬು ಟೈಲ್ಸ್ ಅದು. ತೆಳು ಚಪ್ಪಲಿ ಹಾಕಿದವರ ಅಂಗಾಲಿಗೆ ಅದು ಒತ್ತುತ್ತದೆ, ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೋಗುವವರಿಗೆ ಗಡಗಡ ಸದ್ದು ಕೇಳಿಸುತ್ತದೆ. ಕಾಲು ಜಾರದಿರಲೆಂದು ಹಾಕಿದ್ದಾರೆ ಅಂತ ಕೆಲವರು, ಅಂದಕ್ಕೆ ಅಂತ ಇನ್ನು ಕೆಲವರು ತಿಳಿದಿದ್ದಾರೆ.

ಒಂದು ಸಲ ಬಗ್ಗಿ ನೋಡಿ. ಅದರಲ್ಲಿ ಇರುವುದು ಎರಡೇ ನಮೂನೆ. ಒಂದರಲ್ಲಿ ಉದ್ದುದ್ದ ಗೆರೆಗಳು, ಇನ್ನೊಂದರಲ್ಲಿ ಗುಂಡು ಚುಕ್ಕಿಗಳು. ಗೆರೆ ಅಂದರೆ ‘ನಡೆ, ದಾರಿ ಇತ್ತ ಕಡೆಗಿದೆ’. ಚುಕ್ಕಿ ಅಂದರೆ ‘ನಿಲ್ಲು, ಮುಂದೆ ಏನೋ ಇದೆ’. ಆ ಏನೋ ಮೆಟ್ಟಿಲಾಗಿರಬಹುದು, ರಸ್ತೆಯಾಗಿರಬಹುದು, ರೈಲು ಹಳಿಯಾಗಿರಬಹುದು. ಕಣ್ಣು ಕಾಣದವರ ಪಾದಕ್ಕೂ ಅವರ ಕೈಯ ಬಿಳಿ ಕೋಲಿಗೂ ತಿಳಿಯಲೆಂದು ಕಟ್ಟಿದ, ಎರಡೇ ಪದಗಳ ಭಾಷೆ ಇದು. ಇದು ಹುಟ್ಟಿದ್ದು ಜಪಾನಿನ ಒಕಯಾಮ ನಗರದಲ್ಲಿ, ಪ್ರವಾಸಿಗರಿಗೆ ವಸತಿಗೃಹ ನಡೆಸುತ್ತಿದ್ದ ಒಬ್ಬರ ತಲೆಯಲ್ಲಿ.

ಅವರ ಹೆಸರು ಸೆಯಿಚಿ ಮಿಯಾಕೆ. ಎಂಜಿನಿಯರಲ್ಲ, ನಗರ ಯೋಜಕರಲ್ಲ, ಸರ್ಕಾರಿ ನೌಕರರೂ ಅಲ್ಲ. ಹೊಸದೇನಾದರೂ ಮಾಡಿ ನೋಡುವ ಹುಚ್ಚಿದ್ದ ಮನುಷ್ಯ. ಬಿಳಿ ಕೋಲು ಹಿಡಿದು ರಸ್ತೆ ದಾಟುತ್ತಿದ್ದವರೊಬ್ಬರ ಪಕ್ಕದಲ್ಲೇ ಕಾರೊಂದು ಸವರಿಕೊಂಡು ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಜಪಾನಿನ ರಸ್ತೆಗಳಲ್ಲಿ ವಾಹನಗಳು ದಿನದಿನಕ್ಕೂ ಹೆಚ್ಚುತ್ತಿದ್ದ ಕಾಲ ಅದು. ಮಿಯಾಕೆಯವರ ಗೆಳೆಯ ಹಿದೆಯುಕಿ ಇವಾಹಾಶಿ ದೃಷ್ಟಿ ಕಳೆದುಕೊಂಡವರು, ಒಸಾಕಾದಲ್ಲಿ ಅಂಧರಿಗಾಗಿ ದುಡಿಯುವ ನಿಪ್ಪಾನ್ ಲೈಟ್‌ಹೌಸ್ ಎಂಬ ಸಂಸ್ಥೆಯಲ್ಲಿದ್ದವರು. ಪಾಚಿ ಎಲ್ಲಿ ಮುಗಿದು ಬರಿ ಮಣ್ಣು ಎಲ್ಲಿ ಶುರುವಾಗುತ್ತದೆ ಎನ್ನುವುದು ಶೂ ಹಾಕಿದ್ದರೂ ತಮ್ಮ ಕಾಲಿಗೆ ಗೊತ್ತಾಗುತ್ತದೆ ಎಂದು ಅವರು ಹೇಳಿದ ಮಾತೇ ಮಿಯಾಕೆಯವರಿಗೆ ಸುಳಿವಾಯಿತು.

ನಮ್ಮ ಹಳ್ಳಿಗಳಲ್ಲಿ ಕತ್ತಲಲ್ಲಿ ಗದ್ದೆಬದುವಿನ ಮೇಲೆ ನಡೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬದು ಎಲ್ಲಿ ತಿರುಗಿತು, ಕೆಸರು ಎಲ್ಲಿ ಬಂತು ಎಂದು ಕಣ್ಣಿಗಿಂತ ಮೊದಲು ಕಾಲೇ ಹೇಳುತ್ತದೆ. ಇಂಥ ಅರಿವು ಎಲ್ಲರ ಪಾದದಲ್ಲೂ ಇದ್ದದ್ದೇ. ಅದನ್ನು ಅಚ್ಚಿಗೆ ಹಾಕಿ ಕಾಂಕ್ರೀಟಿನಲ್ಲಿ ಎರಕ ಹೊಯ್ಯಬಹುದು ಎಂದು ಮಿಯಾಕೆಯವರಿಗೆ ಹೊಳೆದದ್ದು 1965ರಲ್ಲಿ. ವಿನ್ಯಾಸಕ್ಕೆ ಕೈಜೋಡಿಸಿದವರು ತಮ್ಮ ಸಬುರೊ. ಖರ್ಚೆಲ್ಲ ಕೈಯಿಂದಲೇ.

1967ರ ಮಾರ್ಚ್ 18ರಂದು ಒಕಯಾಮದ ಅಂಧರ ಶಾಲೆಯ ಹತ್ತಿರ, ಹೆದ್ದಾರಿ ದಾಟುವ ಜಾಗದಲ್ಲಿ, 230 ಬ್ಲಾಕುಗಳನ್ನು ನೆಲಕ್ಕೆ ಕೂರಿಸಿದರು. ಜಗತ್ತಿನಲ್ಲಿ ಅದೇ ಮೊದಲು. ಜಪಾನೀಯರು ಅದನ್ನು ‘ಟೆಂಜಿ ಬ್ಲಾಕ್’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಟೆಂಜಿ ಎಂದರೆ ಬ್ರೈಲ್, ಅಂದರೆ ಚುಕ್ಕಿ ಅಕ್ಷರ. ಬೆರಳು ಓದುತ್ತಿದ್ದದ್ದನ್ನು ಅಂಗಾಲಿಗೆ ಇಳಿಸಿದ ಹೆಸರು ಅದು.

ಮೊದಲ ಸಾಲು ಹಾಕಿದ್ದೇ ತಡ ಊರೂರು ಕೈಚಾಚಿ ಕರೆದವು ಎಂದುಕೊಳ್ಳಬೇಡಿ. ಕೆಲವು ವರ್ಷ ಯಾರೂ ತಿರುಗಿ ನೋಡಲಿಲ್ಲ. ತಿರುವು ಸಿಕ್ಕಿದ್ದು 1970ರಲ್ಲಿ. ಒಸಾಕಾದ ಅಬಿಕೊಚೊ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಬ್ಲಾಕುಗಳು ಬಂದವು. ಅಲ್ಲಿಯೂ ಸಮೀಪದಲ್ಲೇ ಅಂಧರ ಶಾಲೆಯಿತ್ತು. ಆದರೆ 1973ರಲ್ಲಿ ಟೋಕಿಯೊದ ತಕಾದನೊಬಾಬಾ ನಿಲ್ದಾಣದಲ್ಲಿ ದೃಷ್ಟಿಯಿಲ್ಲದವರೊಬ್ಬರು ಪ್ಲಾಟ್‌ಫಾರ್ಮಿನಿಂದ ಹಳಿಗೆ ಬಿದ್ದು ರೈಲಿಗೆ ಸಿಕ್ಕಿ ಸತ್ತರು. ಆ ಅಂಚಿನಲ್ಲಿ ಬ್ಲಾಕ್ ಇರಲಿಲ್ಲ. ಮನೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ಅಲ್ಲಿಯವರೆಗೆ ಉಪಕಾರವೆಂದು ಕಂಡದ್ದು ಹಕ್ಕಿನ ಮಾತಾಯಿತು. ಮಿಯಾಕೆ 1982ರಲ್ಲಿ ತೀರಿಕೊಂಡರು.

ಬ್ಲಾಕುಗಳು ಊರೂರಿಗೆ ಹರಡಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ತಯಾರಿಸಿದವರೆಲ್ಲ ತಮಗೆ ತೋಚಿದ ಚುಕ್ಕಿ, ತಮಗೆ ತೋಚಿದ ಅಂತರ ಇಟ್ಟರು. ಒಂದು ಊರಿನ ‘ನಿಲ್ಲು’ ಇನ್ನೊಂದು ಊರಿನಲ್ಲಿ ಕಾಲಿಗೆ ಗುರುತೇ ಸಿಗದಂತಾಯಿತು. ಕೊನೆಗೆ 2001ರಲ್ಲಿ ಜಪಾನ್ ಇದಕ್ಕೊಂದು ರಾಷ್ಟ್ರೀಯ ಮಾನದಂಡ ತಂದಿತು. ಉಬ್ಬಿನ ಎತ್ತರ 5 ಮಿಲಿಮೀಟರ್. ಕಡಿಮೆಯಾದರೆ ಶೂ ತಳಕ್ಕೆ ಗೊತ್ತಾಗದು, ಹೆಚ್ಚಾದರೆ ಮುದುಕರು ಎಡವುತ್ತಾರೆ, ಗಾಲಿಕುರ್ಚಿ ಕುಲುಕುತ್ತದೆ. 2012ರಲ್ಲಿ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಹಳದಿ ಬಣ್ಣಕ್ಕೂ ಕಾರಣವಿದೆ. ಅಂಧರು ಎನಿಸಿಕೊಂಡವರಲ್ಲಿ ಬಹಳ ಮಂದಿಗೆ ಬೆಳಕು, ಬಣ್ಣ ಮಸುಕು ಮಸುಕಾಗಿ ಕಾಣುತ್ತದೆ. ಬೂದು ನೆಲದ ಮೇಲೆ ಅವರ ಕಣ್ಣಿಗೆ ಬೇಗ ಸಿಗುವುದು ಹಳದಿ. ಅಂದ ಕೆಡುತ್ತದೆಂದು ನೆಲದ ಬಣ್ಣದ್ದೇ ಟೈಲ್ಸ್ ಹಾಕಿಸುವವರು ಅವರಿಗೆ ಸಿಕ್ಕಿದ್ದ ಅಷ್ಟು ಆಸರೆಯನ್ನೂ ಕಿತ್ತುಕೊಂಡಂತೆ.

ನನಗೆ ಬಹಳ ಹಿಡಿಸಿದ್ದು ಆಮೇಲೆ ಸೇರಿಸಿದ ಒಂದೇ ಒಂದು ಗೆರೆ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಚುಕ್ಕಿ ಸಾಲು ಸಿಕ್ಕಿತು ಅನ್ನಿ. ಕಾಣದವರಿಗೆ ‘ನಿಲ್ಲು’ ಎಂಬುದೇನೋ ತಿಳಿಯಿತು. ಹಳಿ ಎಡಕ್ಕೋ ಬಲಕ್ಕೋ? ಜನಸಂದಣಿಯಲ್ಲಿ ಯಾರೋ ಭುಜ ತಾಗಿಸಿ ಅರ್ಧ ಸುತ್ತು ತಿರುಗಿಸಿಬಿಟ್ಟರೆ ಹಿಂದಕ್ಕೆ ಇಟ್ಟೆನೆಂದುಕೊಂಡ ಹೆಜ್ಜೆಯೇ ಹಳಿಗೆ ಬೀಳಬಹುದು. ಹಾಗಾಗಿ ಜಪಾನಿನಲ್ಲಿ ಚುಕ್ಕಿಗಳ ಒಳಮಗ್ಗುಲಿಗೆ, ಅಂದರೆ ಪ್ಲಾಟ್‌ಫಾರ್ಮಿನ ಕಡೆಗೆ, ಒಂದು ಉದ್ದ ಗೆರೆ ಎಬ್ಬಿಸಿದರು. ಗೆರೆ ಇರುವ ಕಡೆ ಕ್ಷೇಮ. ಕಾಲು ಚಾಚಿ ಗೆರೆ ಮುಟ್ಟಿದರೆ ಸಾಕು, ಜೀವ ಯಾವ ಕಡೆಗಿದೆ ಎಂದು ಗೊತ್ತಾಗುತ್ತದೆ. ಆ ಜಾಗದಲ್ಲಿ ಕಣ್ಣು ಮುಚ್ಚಿ ನಿಂತವರ ಭಯ ಅರಿತವರಿಗಷ್ಟೇ ಇಂಥದ್ದು ಹೊಳೆಯಲು ಸಾಧ್ಯ.

ನಮ್ಮಲ್ಲಿ ಮೆಟ್ರೊಗಳು ಈ ಹಳದಿ ಸಾಲನ್ನು ಅಳವಡಿಸಿಕೊಂಡವು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಜಾಗ, ಸಾರಿಗೆ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುತ್ತದೆ. ಬೆಂಗಳೂರಿನ ಕೆಲವು ಹೊಸ ಫುಟ್‌ಪಾತುಗಳಲ್ಲೂ ಹಳದಿ ಸಾಲು ಕಾಣುತ್ತದೆ. ಅಂಥ ಒಂದು ಸಾಲಿನ ಜಾಡು ಹಿಡಿದು ಒಂದು ಮಧ್ಯಾಹ್ನ ನಾನು ನಡೆದಿದ್ದೆ. ಮೂವತ್ತು ಹೆಜ್ಜೆ ಚೆನ್ನಾಗಿತ್ತು. ಆಮೇಲೆ ಸಾಲು ನೆಟ್ಟಗೆ ಹೋಗಿ ವಿದ್ಯುತ್ ಕಂಬಕ್ಕೆ ಹಣೆ ಹಚ್ಚಿತು. ಕಂಬದ ಆಚೆ ಮತ್ತೆ ಶುರು. ಮುಂದೆ ಒಂದು ಕಡೆ ಚೇಂಬರ್ ಮುಚ್ಚಳ ಕೂರಿಸಲು ಟೈಲ್ಸ್ ಕಿತ್ತು, ಮತ್ತೆ ಹಾಕುವಾಗ ಗೆರೆಗಳನ್ನು ಅಡ್ಡಡ್ಡ ಇಟ್ಟಿದ್ದರು. ತಿರುವಿನಲ್ಲಿ ಚುಕ್ಕಿ ಇರಬೇಕಾದ ಕಡೆ ಗೆರೆ. ಅಂದರೆ ರಸ್ತೆಯ ಅಂಚಿನಲ್ಲಿ, ಬಸ್ಸುಗಳು ತಿರುಗುವ ಜಾಗದಲ್ಲಿ, ನೆಲ ‘ನಡೆ’ ಎನ್ನುತ್ತಿತ್ತು!

ಟೈಲ್ಸ್ ಹಾಕಿದ ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಅದು ಅಕ್ಷರ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಕ್ಷೆ ಬರೆದವರು, ಬಿಲ್ ಪಾಸು ಮಾಡುವ ಮುನ್ನ ಒಮ್ಮೆ ನಡೆದು ನೋಡಬೇಕಾದವರು. ಕೆಲಸ ಮುಗಿಯಿತೆಂದು ಸಹಿ ಹಾಕುವ ಮೊದಲು ದೃಷ್ಟಿಯಿಲ್ಲದ ಒಬ್ಬರನ್ನು ಕರೆದು, ಅವರು ಈ ತುದಿಯಿಂದ ಆ ತುದಿಗೆ ತಾವಾಗಿ ನಡೆದು ಹೋದ ಮೇಲೆಯೇ ಹಣ ಕೊಡುವ ನಿಯಮ ಬರಬೇಕು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಉಳಿದದ್ದು ನಮ್ಮ ನಿಮ್ಮ ಕೈಯಲ್ಲಿದೆ. ಮುಂದಿನ ಸಲ ಅಂಗಡಿ ಮುಂದೆ ಬೈಕ್ ಸ್ಟ್ಯಾಂಡ್ ಹಾಕುವ ಮೊದಲು ಚಕ್ರದ ಕೆಳಗೆ ನೋಡಿ. ಹಳದಿ ಕಂಡರೆ ದಯವಿಟ್ಟು ಬೇರೆ ಕಡೆ ನಿಲ್ಲಿಸಿ.