ಷೇರುದಾರರಿಗೆ ಬರುವ ಪತ್ರ: ನಮ್ಮ ಅಂಗಡಿಗೂ ಒಂದು ಪಾಠ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಅನೇಕ ಮನೆಗಳಿಗೆ ಪ್ರತಿವರ್ಷ ಕಂಪನಿಗಳ ವಾರ್ಷಿಕ ವರದಿ ಬರುತ್ತದೆ. ಲಾಭಾಂಶ ಎಷ್ಟೆಂದು ನೋಡಿ ಬದಿಗಿಡುವುದೇ ನಮ್ಮ ರೂಢಿ. ಆರಂಭದಲ್ಲಿರುವ ಮುಖ್ಯಸ್ಥರ ಪತ್ರವನ್ನು ಓದುವವರು ವಿರಳ. ವಿವೇಕದಿಂದ ಓದಿದರೆ ಆ ಪತ್ರ ವ್ಯಾಪಾರಸ್ಥನಿಗೆ ಒಂದು ಪಾಠಶಾಲೆಯೇ ಸರಿ.

ಅಮೆರಿಕದ ವಾರೆನ್ ಬಫೆಟ್ ಅವರ ಪತ್ರಗಳು ಇದಕ್ಕೆ ಉತ್ತಮ ನಿದರ್ಶನ. 1965ರಲ್ಲಿ ಬರ್ಕ್‌ಷೈರ್ ಹ್ಯಾಥವೇ ಎಂಬ ಬಟ್ಟೆ ಗಿರಣಿಯ ಆಡಳಿತ ಹಿಡಿದ ಅವರು 2025ರ ಕೊನೆಗೆ ಮುಖ್ಯಾಧಿಕಾರಿ ಹುದ್ದೆ ಬಿಟ್ಟರು. ಲೆಕ್ಕಶಾಸ್ತ್ರ ಬಲ್ಲದ, ಆದರೆ ಬುದ್ಧಿವಂತರಾದ ತಮ್ಮ ಇಬ್ಬರು ಸಹೋದರಿಯರಿಗೆ ಹೇಳುವಂತೆ ಬರೆಯುತ್ತೇನೆ ಎಂಬುದು ಅವರ ಕ್ರಮವಾಗಿತ್ತು.

ಅದಕ್ಕಿಂತ ದೊಡ್ಡದು ತಪ್ಪೊಪ್ಪಿಗೆ. 1993ರಲ್ಲಿ ಅವರು ಡೆಕ್ಸ್‌ಟರ್ ಎಂಬ ಪಾದರಕ್ಷೆ ಕಂಪನಿಯನ್ನು 43.3 ಕೋಟಿ ಡಾಲರ್ ಬೆಲೆಯ ತಮ್ಮ ಷೇರು ಕೊಟ್ಟು ಕೊಂಡರು. ಅದು ಮುಳುಗಿತು. 2007ರ ಪತ್ರದಲ್ಲಿ ಅದೇ ತಮ್ಮ ಅತಿ ಕೆಟ್ಟ ವ್ಯವಹಾರವೆಂದೂ, ಕೊಟ್ಟ ಷೇರಿನ ಬೆಲೆ ಏರಿದ್ದರಿಂದ ಷೇರುದಾರರಿಗಾದ ನಷ್ಟ 350 ಕೋಟಿ ಡಾಲರ್ ಎಂದೂ ತಾವೇ ಬರೆದರು. ಆ ಉದ್ಯಮ ನಮ್ಮದಲ್ಲ. ನಾವು ಕಲಿಯಬೇಕಾದುದು ಆ ನಿಷ್ಕಪಟತೆಯನ್ನು.

ಆದರೆ ಎಲ್ಲ ಪತ್ರಗಳೂ ಹೀಗಿರುವುದಿಲ್ಲ. ಈ ವರ್ಷದ ಪತ್ರವನ್ನು ಹೋದ ವರ್ಷದ್ದರ ಜೊತೆಗಿಟ್ಟು ಓದಬೇಕು. ಆಗ ಕೊಟ್ಟ ಮಾತು ಏನಾಯಿತು? ಲಾಭ ಬಂದಾಗ 'ನಮ್ಮ ಜಾಣ್ಮೆ', ನಷ್ಟವಾದಾಗ 'ಮಳೆ, ಸರಕಾರ' ಎಂದು ಬರೆದಿದ್ದರೆ ಎಚ್ಚರ ವಹಿಸಬೇಕು. ಪತ್ರದ ಮಾತನ್ನು ಒಳಗಿನ ಲೆಕ್ಕಕ್ಕೆ ತಾಳೆ ನೋಡದೆ ನಂಬಬಾರದು.

ಇನ್ನು ನಮ್ಮ ಮನೆಗೆ ಬರೋಣ. ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಯಲ್ಲಿ ವಿಧವೆ ಅತ್ತಿಗೆಯ ಪಾಲಿರುತ್ತದೆ, ಮದುವೆಯಾಗಿ ಹೋದ ತಂಗಿಯ ಠೇವಣಿ ಇರುತ್ತದೆ. ಎಲ್ಲವೂ ಗೊತ್ತಿರುವುದು ಗಲ್ಲೆಯ ಮೇಲೆ ಕುಳಿತವನಿಗೆ ಮಾತ್ರ. ಉದ್ರಿ ಮುಳುಗಿದ ಸಂಗತಿ ಉಳಿದವರಿಗೆ ತಿಳಿಯುವುದು ಪಾಲಾಗುವ ದಿನ. ಅಂದು ಹಣದ ಜೊತೆಗೆ ಒಡಹುಟ್ಟಿದವರ ಮಾತುಕತೆಯೂ ನಿಂತುಹೋಗುತ್ತದೆ. ಇಂಥ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಸುಳ್ಳು ಬರಹವಾದ ಕೂಟಲೇಖಕ್ರಿಯೆ ಅದರಲ್ಲೊಂದು. ಇಟ್ಟವರು ಮರೆತ ಠೇವಣಿಯನ್ನು ನುಂಗುವ ನ್ಯಾಸಾಪಹಾರ ಇನ್ನೊಂದು. ಪ್ರತಿಕ್ರಮಣದಲ್ಲಿ ದೋಷಗಳನ್ನು ನೆನೆಯುವ ನಾವು ಖಾತೆಯ ದೋಷವನ್ನೇಕೆ ಮುಚ್ಚಿಡಬೇಕು?

ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಗೆ ನಾವು ಹೊಸ ಖಾತೆಗೆ ಪೂಜೆ ಮಾಡುತ್ತೇವೆ. ಅಂದೇ ಹಿರಿಯರು ಒಂದು ಪುಟದ ಪತ್ರ ಬರೆಯಲಿ: ಬಂಡವಾಳ ಎಷ್ಟು, ಸಾಲ ಎಷ್ಟು, ಬಾರದ ಉದ್ರಿ ಎಷ್ಟು, ಯಾರ ಠೇವಣಿ ಎಷ್ಟು, ಈ ವರ್ಷ ತಾವು ಮಾಡಿದ ತಪ್ಪೇನು. ಅದನ್ನು ಅತ್ತಿಗೆ, ತಂಗಿಯರ ಮುಂದೆಯೂ ಓದಲಿ. ಕ್ಷಮಾವಣಿಯಂದು ಬಾಯಿಂದ ಕೇಳಿದ ಕ್ಷಮೆಗೆ ಆಗ ಅರ್ಥ ಬರುತ್ತದೆ. ಮನೆಯೂ ಒಂದಾಗಿ ಉಳಿಯುತ್ತದೆ.